ಬಟಾಟಾ ಗಂಜಿ ಕುಡಿಯಲಿಲ್ಲ

ಕಳೆದ ತಿಂಗಳು ಘಣಸೋಲಿಯಲ್ಲಿ ನಮ್ಮ ಆಫೀಸಿನ ಹುಡುಗಿಯೊಬ್ಬಳ ಹೊಸ ಮನೆಯ ಪೂಜೆಗೆ ಹೋಗಿದ್ದೆ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಊದುಬತ್ತಿ, ತುಪ್ಪದ ಶಿರಾ, ಹೊಸ ಬಣ್ಣ, ಎಲ್ಲ ಇರಬೇಕಾದ ವಾಸನೆಗಳೇ. ಸೋಫಾದಲ್ಲಿ ಕೂತು ಪ್ರಸಾದದ ದೊನ್ನೆ ಕೈಗೆ ತಗೊಂಡೆ ನೋಡಿ, ಆಗ ಇನ್ನೊಂದು ಬಂತು. ಕೊಳೆತ ಮೀನಿನ ನೀರಿಗೆ ತುಕ್ಕಿನ ಮೊಳೆ ಹಾಕಿಟ್ಟ ಹಾಗಿನ ವಾಸನೆ. ಒಮ್ಮೆ ಮೂಗಿಗೆ ಹತ್ತಿದರೆ ಜನ್ಮದಲ್ಲಿ ಮರೆಯುವಂಥದ್ದಲ್ಲ. ಬಗ್ಗಿ ನೋಡಿದೆ. ಸೋಫಾದ ಅಡಿಯಲ್ಲಿ ಒಂದು ಬೂದು ಬೆಕ್ಕು ಮುದುಡಿ ಕೂತಿತ್ತು. ಗದ್ದದ ಕೂದಲೆಲ್ಲ ಜೊಲ್ಲಿನಿಂದ ಒದ್ದೆ.

"ಇದರ ಬಾಯಿ ಯಾರಿಗಾದರೂ ತೋರಿಸಿದ್ದೀಯಾ?" ಅಂದೆ.

"ಬೆಕ್ಕಿನ ಬಾಯಿ ಅಲ್ವಾ ಮೇಡಂ, ಮಲ್ಲಿಗೆ ಪರಿಮಳ ಬರ್ತದಾ?" ಅಂತ ಅವಳು ನಕ್ಕಳು.

ನಾಳೆಯೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗು ಅಂತ ಆ ಪೂಜೆಯ ಮನೆಯಲ್ಲಿ ನಾನು ಸ್ವರ ಏರಿಸಿಬಿಟ್ಟೆ. ಭಜನೆ ಮಾಡುತ್ತಿದ್ದವರು ತಿರುಗಿ ನೋಡಿದರು. ನನ್ನ ಬುದ್ಧಿಯೇ ಹಾಗೆ, ಒಳಗೆ ಅಳು ಬಂದರೆ ಹೊರಗೆ ಜೋರು ಬರುತ್ತದೆ. ಅವಳು ಹೇಳಿದ ಮಾತನ್ನೇ, ಹೆಚ್ಚು ಕಡಿಮೆ ಅದೇ ನಗುವಿನಲ್ಲಿ, ನೆರೂಳಿನ ನಮ್ಮ ಮನೆಯಲ್ಲಿ ನಾನೂ ಹೇಳಿದ್ದೆ. ವಾಪಸು ಬರುವಾಗ ರೈಲಿನಲ್ಲಿ ಪೂರ್ತಿ ಆ ಮಳೆಗಾಲವನ್ನೇ ಯೋಚಿಸಿಕೊಂಡು ಬಂದೆ.

ಎರಡು ಸಾವಿರದ ಹತ್ತರ ಆಸುಪಾಸು ಅದು. ನೆರೂಳಿನಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ, ನೆಲ ಅಂತಸ್ತಿನ ಮನೆ. ನಾನು ಕಾಪು ಕಡೆಯವಳು, ಮೀನಿಲ್ಲದೆ ಅನ್ನ ಇಳಿಯದ ಮನೆಯವಳು. ವಾಶಿಯ ಒಂದು ಲಾರಿ ಕಂಪನಿಯಲ್ಲಿ ನನ್ನ ಕೆಲಸ. ನನ್ನ ಗಂಡ ಬಸವರಾಜ ವಿಜಯಪುರದವರು, ಮೊಟ್ಟೆಯನ್ನೂ ಮುಟ್ಟದವರು. ಡೊಂಬಿವಲಿಯ ಕಾರ್ಖಾನೆಗೆ ದಿನಾ ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸಿ ಹೋಗಿ ಬರುತ್ತಿದ್ದರು. ಕನ್ನಡ ಸಂಘದ ನಾಟಕದ ರಿಹರ್ಸಲ್ಲಿನಲ್ಲಿ ಶುರುವಾದ ಮಾತುಕತೆ ಮದುವೆಗೆ ಬಂದು ನಿಂತಿತ್ತು. ಮದುವೆಯ ಮೊದಲೇ ಒಪ್ಪಂದ: ಮೀನಿನ ಪಾತ್ರೆ ಬೇರೆ, ಮೀನಿನ ವಿಷಯದಲ್ಲಿ ನಾನು ಹೇಳಿದ್ದೇ ಕೊನೆ. "ನಂಗ ಅದರಾಗ ಏನ ತಿಳೀತದ, ನೀ ಹೇಳಿದ್ದ ಖರೆ" ಅಂತ ಅವರು ಕೈ ಮುಗಿದುಬಿಟ್ಟಿದ್ದರು.

ಮಗಳು ಅನಘಾ ಎರಡನೆಯ ಕ್ಲಾಸು. ನನ್ನ ಕನ್ನಡ, ಅಪ್ಪನ ಕನ್ನಡ ಎರಡೂ ಅವಳಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ಬೆಕ್ಕನ್ನು ತಂದವಳು ಅವಳೇ. ನಮ್ಮ ಬಿಲ್ಡಿಂಗಿನ ಮೀಟರ್ ಬಾಕ್ಸಿನ ಕೆಳಗೆ ಒಂದು ಮರಿ ಉಂಡೆಯಾಗಿ ಮಲಗಿತ್ತು. ಕಂದು ಬಣ್ಣ, ಗುಂಡು ಹೊಟ್ಟೆ. "ಮಮ್ಮಿ, ಯೇ ತೋ ಬಟಾಟಾ ಹೈ!" ಅಂದಳು. ಆಲೂಗಡ್ಡೆಗೆ ಈ ಊರಿನಲ್ಲಿ ಬಟಾಟಾ ಅಂತಾರಲ್ಲ, ಅದೇ ಹೆಸರಾಯಿತು. ಅಂಗಡಿಗೆ ಹೋದಾಗ "ಅರ್ಧ ಕಿಲೋ ಬಟಾಟಾ" ಅಂದರೆ ಇವಳು ಬಿದ್ದು ಬಿದ್ದು ನಗುತ್ತಿದ್ದಳು. ಶಾಲೆಯಿಂದ ಬಂದವಳು ಬೂಟು ಬಿಚ್ಚುವ ಮೊದಲು ಅದನ್ನು ಎತ್ತಿಕೊಳ್ಳುವುದು. ಒಡಹುಟ್ಟಿದವರಿಲ್ಲದ ಮಗು. ಅದೇ ತಮ್ಮ, ಅದೇ ತಂಗಿ, ಅದೇ ಗೆಳತಿ.

ಮೊದಲ ಮಳೆಯ ಹೊತ್ತಿಗೆ ಬಾಯಿ ವಾಸನೆ ಶುರುವಾಯಿತು. ಅನಘಾ "ಮಮ್ಮಿ, ಬಟಾಟಾ ಬ್ರಶ್ ನಹೀ ಕರ್ತಾ" ಅಂತ ದೂರು ತಂದಳು. ಮಲ್ಲಿಗೆ ಪರಿಮಳದ ಮಾತು ನಾನು ಆಡಿದ್ದು ಆಗಲೇ. ಆಮೇಲೆ ಜೊಲ್ಲು. ಆಮೇಲೆ ಒಂದು ವಿಚಿತ್ರ ನಡವಳಿಕೆ. ಬಟ್ಟಲಿನ ಹತ್ತಿರ ಓಡಿ ಬರುವುದು, ಮೂಸುವುದು, ಒಂದು ತುತ್ತು ಕಚ್ಚುವುದು, ಗುರ್ ಅಂತ ಬಟ್ಟಲಿಗೇ ಬೈದು ಓಡಿ ಹೋಗುವುದು. ಅನ್ನವೇ ತನಗೆ ಹೊಡೆದ ಹಾಗೆ. ಆಕಳಿಸಿದರೆ ಅರ್ಧದಲ್ಲೇ ಕಿರುಚಿ ಬಾಯಿ ಮುಚ್ಚುತ್ತಿತ್ತು. ಮೈ ನೆಕ್ಕುವುದನ್ನು ಬಿಟ್ಟದ್ದರಿಂದ ಬೆನ್ನಿನ ಕೂದಲು ಜಡೆಗಟ್ಟಿತು. ಎತ್ತಲು ಹೋದರೆ ಪರಚುತ್ತಿತ್ತು. "ಸೊಕ್ಕು ಬಂದಿದೆ ಇದಕ್ಕೆ" ಅಂದೆ ನಾನು. ನೋವನ್ನು ಸೊಕ್ಕು ಅಂತ ಓದಿದೆ ನೋಡಿ, ಎಂಥ ಕಣ್ಣು ನನ್ನದು!

ಮತ್ತೆ ಒಂದು ದಿನ ಬಾಯಿಯ ಅಂಚಿನಲ್ಲಿ ಕೆಂಪು ಕಂಡಿತು. ಸರಿ, ಬಾಯಿ ಹುಣ್ಣು. ಬಾಯಿ ಹುಣ್ಣು ಅಂದರೆ ಉಷ್ಣ. ಉಷ್ಣಕ್ಕೆ ತಂಪು. ಮಜ್ಜಿಗೆ ಇಟ್ಟೆ, ಮೂಸಲಿಲ್ಲ. ಎಳನೀರು ಕುಡಿಸಲು ಹೋಗಿ ಮೊಣಕೈ ತನಕ ಪರಚಿಸಿಕೊಂಡೆ. ಬಸವರಾಜ ನನ್ನ ಕೈಗೆ ಔಷಧ ಹಚ್ಚುತ್ತಾ, "ಮನಶ್ಯಾರ ವೈದ್ಯ ಬೆಕ್ಕಿಗಿ ಮಾಡಬ್ಯಾಡ, ಡಾಕ್ಟರ್ ಕಡೆ ಹೋಗೂನು" ಅಂದರು. ಆ ಮಾತಿಗೆ ನಾನು ಆಗ ನಕ್ಕಿದ್ದೆ.

ನೆರೂಳಿನಲ್ಲೇ ಒಬ್ಬ ಡಾಕ್ಟರು, ಹೆಚ್ಚು ನಾಯಿಗಳನ್ನೇ ನೋಡುವವರು. ಸೂಜಿ ಕೊಟ್ಟರು. ಮಾರನೆಯ ದಿನ ಬಟಾಟಾ ಬಟ್ಟಲು ನೆಕ್ಕಿ ಹೊಳೆಯುವಂತೆ ಮಾಡಿತು! ಹಸಿವೋ ಹಸಿವು. ತಿಂದು ತಿಂದು ಮೊದಲಿಗಿಂತ ದಪ್ಪ ಆಯಿತು. ನಾನು ಡಾಕ್ಟರಿಗೆ ಒಂದು ಡಬ್ಬಿ ಹೋಳಿಗೆ ಕೊಟ್ಟು ಬಂದೆ. ಆದರೆ ಸೂಜಿಯ ಬಲ ಇಳಿದ ಕೂಡಲೇ ಮತ್ತೆ ಜೊಲ್ಲು, ಮತ್ತೆ ಗುರ್ ಗುರ್. ಮತ್ತೆ ಸೂಜಿ. ಪ್ರತಿ ಸಲ ಸುಖದ ದಿನಗಳು ಕಡಿಮೆಯಾದವು. ಒಳ್ಳೆಯ ಮನುಷ್ಯ ಅವರು, ತಾವೇ ಹೇಳಿದರು: "ನಾನು ಉರಿ ಅಡಗಿಸುತ್ತಿದ್ದೇನೆ, ಅಷ್ಟೇ. ರೋಗದ ಬುಡ ಹಲ್ಲಿನಲ್ಲಿದೆ. ಹೀಗೇ ಸೂಜಿ ಹಾಕುತ್ತಾ ಹೋದರೆ ಬೇರೆ ಕಾಯಿಲೆ ಬರುತ್ತದೆ. ಠಾಣೆಯಲ್ಲಿ ಪ್ರಾಣಿಗಳ ಹಲ್ಲಿನ ಕೆಲಸ ಗೊತ್ತಿರುವ ಡಾಕ್ಟರ್ ಇದ್ದಾರೆ, ಅಲ್ಲಿಗೆ ಹೋಗಿ."

ಮುಚ್ಚಳದ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಟಾಟಾನನ್ನು ಕೂರಿಸಿ, ನಾನು ಮತ್ತು ಅನಘಾ ಠಾಣೆಯ ಲೋಕಲ್ ಹತ್ತಿದೆವು. ಹೊರಗೆ ಧೋ ಅಂತ ಮಳೆ, ಕಿಟಕಿಗಳೆಲ್ಲ ಮುಚ್ಚಿದ್ದವು. ಲೇಡೀಸ್ ಡಬ್ಬಿಯಲ್ಲಿ ಆ ವಾಸನೆ ತುಂಬಿಕೊಂಡಿತು. ಪಕ್ಕದ ಹೆಂಗಸು ಮೂಗಿಗೆ ಸೆರಗು ಒತ್ತಿಕೊಂಡು "ಮಾಸೆ ಆಹೇತ್ ಕಾ?" ಮೀನು ಇದೆಯಾ ಅಂತ ಕೇಳಿದಳು. "ಬಟಾಟಾ ಹೈ" ಅಂದಳು ಅನಘಾ, ಗಂಭೀರವಾಗಿ. ಆ ಹೆಂಗಸಿನ ಮುಖ ನೋಡಬೇಕಿತ್ತು. ನಾವಿಬ್ಬರೂ ಐರೋಲಿ ಸ್ಟೇಷನ್ ಬರುವ ತನಕ ನಕ್ಕೆವು. ಆ ಮಳೆಗಾಲದಲ್ಲಿ ನಾವು ಹಾಗೆ ನಕ್ಕದ್ದು ಅದೇ ಕೊನೆ ಇರಬೇಕು.

ಠಾಣೆಯ ಡಾಕ್ಟರು ಒಬ್ಬ ಮರಾಠಿ ಹೆಂಗಸು, ಕತ್ತರಿಸಿದ ಕೂದಲು, ಬಿರುಸು ಮಾತು. ಬಟಾಟಾನಿಗೆ ಮಂಪರು ಬರಿಸಿ, ಬಾಯಿ ಅಗಲಿಸಿ, ಟಾರ್ಚು ಬಿಟ್ಟು "ಯಾ, ಬಘಾ" ಅಂತ ನನ್ನನ್ನು ಹತ್ತಿರ ಕರೆದರು. ನೋಡಿದೆ. ಒಸಡು ಕೆಂಪು ಇರಬಹುದು ಅಂದುಕೊಂಡಿದ್ದೆ. ಒಸಡಲ್ಲ ಮಾರಾಯ್ರೆ, ಹಿಂದೆ, ನಾಲಿಗೆಯ ಬುಡದ ಎರಡೂ ಬದಿ, ಗಂಟಲಿನ ಬಾಗಿಲಿನಲ್ಲೇ ಚರ್ಮ ಸುಲಿದ ಹಸಿ ಮಾಂಸ. ಉಬ್ಬಿ, ಗಡ್ಡೆಗಡ್ಡೆಯಾಗಿ, ಮುಟ್ಟಿದರೆ ರಕ್ತ. ಇದನ್ನು ಬಾಯಲ್ಲಿಟ್ಟುಕೊಂಡು ಈ ಜೀವ ತಿಂಗಳುಗಟ್ಟಲೆ ನಮ್ಮ ಮನೆಯಲ್ಲಿ ಓಡಾಡಿಕೊಂಡಿತ್ತು. ನಾನು ಸೊಕ್ಕು ಅಂದಿದ್ದೆ.

ಡಾಕ್ಟರು ಬಿಡಿಸಿ ಹೇಳಿದರು. ಹಲ್ಲಿನ ಮೇಲೆ ಕೊಳೆಯ ತೆಳು ಪದರ ಕೂರುತ್ತದೆ, ಎಲ್ಲ ಬೆಕ್ಕಿಗೂ ಕೂರುತ್ತದೆ. ಕೆಲವು ಬೆಕ್ಕುಗಳ ಮೈ ಮಾತ್ರ ಅದನ್ನು ದೊಡ್ಡ ಶತ್ರು ಅಂತ ತಿಳಿದು ಯುದ್ಧ ಹೂಡುತ್ತದೆ. ಶತ್ರುವನ್ನು ಸುಡಲು ಹೋಗಿ ತನ್ನ ಬಾಯಿಯನ್ನೇ ಸುಟ್ಟುಕೊಳ್ಳುತ್ತದೆ. ಒಳಗೆ ಬೇರೆ ವೈರಸ್ ಇದ್ದರೂ ಹೀಗಾಗಬಹುದು ಅಂತ ರಕ್ತ ಪರೀಕ್ಷೆ ಮಾಡಿಸಿದರು. ದೊಡ್ಡ ಕಾಯಿಲೆ ಯಾವುದೂ ಸಿಗಲಿಲ್ಲ. ಉಳಿದ ದಾರಿ ಒಂದೇ: ಹಲ್ಲು ಎಲ್ಲ ಕೀಳಬೇಕು. ಒಂದು ಬೇರೂ ಒಳಗೆ ಉಳಿಯದ ಹಾಗೆ, ಎಕ್ಸ್‌ರೇ ತೆಗೆದು ನೋಡಿ ಕೀಳಬೇಕು. ಹೆಚ್ಚಿನ ಬೆಕ್ಕುಗಳು ಸುಧಾರಿಸುತ್ತವೆ, ಕೆಲವಕ್ಕೆ ಆಮೇಲೂ ಔಷಧ ಬೇಕಾಗುತ್ತದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿದರು.

"ಹಲ್ಲಿಲ್ಲದೆ ಬೆಕ್ಕು ಬದುಕುವುದು ಹೇಗೆ?" ನನ್ನ ಮರಾಠಿ ಮುರಿದು ಬಿದ್ದಿತ್ತು.

"ಈ ಹಲ್ಲಿಟ್ಟುಕೊಂಡು ಬದುಕುತ್ತಿದೆಯಾ?" ಅಂದರು ಅವರು.

ಮನೆಯಲ್ಲಿ ದೊಡ್ಡ ಚರ್ಚೆ. ನಾನು ಒಮ್ಮೆ ಬೇಕು ಅಂದೆ, ಒಮ್ಮೆ ಬೇಡ ಅಂದೆ. ಬಸವರಾಜ ಮಾತ್ರ ಗಟ್ಟಿ: "ನಮ್ಮ ಅಪ್ಪಗ ಒಂದೂ ಹಲ್ಲಿದ್ದಿಲ್ಲ, ಹೋಳಿಗಿ ಊಟದಾಗ ಎಲ್ಲಾರ್ಗಿಂತ ಮುಂದ ಇರತಿದ್ದ. ಮಾಡಸೂನು." ಅನಘಾ ಬಟಾಟಾನ ಕಿವಿಯಲ್ಲಿ ಏನೋ ಪಿಸುಗುಟ್ಟಿ, ಅದು ಒಪ್ಪಿದೆ ಅಂತ ಬಂದು ಹೇಳಿದಳು. ಹೀಗೆ ತೀರ್ಮಾನವಾಯಿತು.

ಆಪರೇಷನ್ ಆದದ್ದು ನಾರಳಿ ಹುಣ್ಣಿಮೆ ಕಳೆದ ಮೇಲೆ. ಮಳೆಗಾಲ ಪೂರ್ತಿ ಕಡಲಿಗೆ ಇಳಿಯದ ದೋಣಿಗಳು ಆ ಹುಣ್ಣಿಮೆಗೆ ತೆಂಗಿನಕಾಯಿ ಅರ್ಪಿಸಿ ಇಳಿಯುತ್ತವೆ. ಒಣಮೀನು ತಿಂದು ಬೇಸತ್ತ ನಾಲಿಗೆಗೆ ತಾಜಾ ಮೀನು ಬರುವ ಕಾಲ. ಬಟಾಟಾ ಕತ್ತಿನ ಸುತ್ತ ಆಲಿಕೆಯಂಥ ಪ್ಲಾಸ್ಟಿಕ್ ಪಟ್ಟಿ ತೊಟ್ಟು, ಗದ್ದ ಸ್ವಲ್ಪ ಊದಿಸಿಕೊಂಡು, ಆದರೆ ಕಣ್ಣು ತೆರೆದುಕೊಂಡು ಮನೆಗೆ ಬಂತು. ಡಾಕ್ಟರು ನೋವಿನ ಔಷಧ ಕೊಟ್ಟರು. ಒಂದು ಮೆತ್ತನೆ ಆಹಾರದ ಡಬ್ಬಿ ಕೊಟ್ಟರು, ಮೇಲೆ ಮೀನಿನ ಚಿತ್ರ ಇದ್ದದ್ದು. ಮತ್ತೆ ಎರಡೆರಡು ಸಲ ಹೇಳಿದರು: "ಮಊ ಖಾಣಂ ದ್ಯಾ. ಕಾಹೀಹೀ ದ್ಯಾ, ಪಣ ಉಪಾಶೀ ಠೇವೂ ನಕಾ." ಮೆತ್ತಗಿನದು ಕೊಡಿ, ಏನು ಬೇಕಾದರೂ ಕೊಡಿ, ಉಪವಾಸ ಮಾತ್ರ ಇಡಬೇಡಿ. ನಾನು ತಲೆ ಆಡಿಸಿದೆ. ಅರ್ಥ ಆಗಲಿಲ್ಲ ಅಂತ ಹೇಳುವ ಹಾಗಿಲ್ಲ, ಒಂದೊಂದು ಅಕ್ಷರವೂ ಅರ್ಥವಾಗಿತ್ತು.

ಮೆತ್ತಗಿನದು ಅಂದರೆ ನಮಗೆ ಗಂಜಿ. ಅನಘಾ ಹುಟ್ಟಿದ್ದು ಹೊಟ್ಟೆ ಕೊಯ್ದು. ಆಗ ಊರಿನಿಂದ ಬಂದ ಅಮ್ಮ ನನ್ನನ್ನು ಕುಚ್ಚಲಕ್ಕಿ ಗಂಜಿ, ತುಪ್ಪ, ಚೂರು ಉಪ್ಪಿನಲ್ಲೇ ಎಬ್ಬಿಸಿ ನಿಲ್ಲಿಸಿದ್ದಳು. ಹೊಲಿಗೆ ಒಣಗುವ ತನಕ ಮೀನಿನ ಹೆಸರೆತ್ತುವ ಹಾಗಿರಲಿಲ್ಲ. ಅದರಲ್ಲೂ ಬಂಗುಡೆ, ಸಿಗಡಿ ಅಂದರೆ ಮುಗಿಯಿತು. ನಂಜು! ಗಾಯ ಕೀವಾಗುತ್ತದೆ, ಬಾತುಕೊಳ್ಳುತ್ತದೆ. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ತಾಯಿಯ ಹಾಲಿನ ಜೊತೆ ಬರುತ್ತದೆ. ನಾನು ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಿಸಿ, ನುಣ್ಣಗೆ ಕಿವುಚಿ, ಬೆಚ್ಚಗೆ ಮಾಡಿ, ಹಾಲು ಬೆರೆಸಿ ಬಟಾಟಾನ ಮುಂದೆ ಇಟ್ಟೆ. ಮೀನಿನ ಚಿತ್ರದ ಡಬ್ಬಿಯನ್ನು ಹೊಲಿಗೆ ಒಣಗಿದ ಮೇಲೆ ಕೊಡುವ ಅಂತ ಕಪಾಟಿನ ಮೇಲಿಟ್ಟೆ. ಅಮ್ಮ ನನಗೆ ಮಾಡಿದ್ದನ್ನೇ ನಾನು ಅದಕ್ಕೆ ಮಾಡಿದೆ. ಇದಕ್ಕಿಂತ ದೊಡ್ಡ ಪ್ರೀತಿ ನನಗೆ ಗೊತ್ತಿರಲಿಲ್ಲ.

ಬಟಾಟಾ ಮೂಸಿ ಮುಖ ತಿರುಗಿಸಿತು. ನೋವಿರಬೇಕು ಅಂದುಕೊಂಡೆ. ಮಾರನೆಯ ದಿನವೂ ಅಷ್ಟೇ. ಚಮಚದಲ್ಲಿ ಬಾಯಿಗೆ ಬಿಟ್ಟರೆ ಅರ್ಧ ಒಳಗೆ, ಅರ್ಧ ನನ್ನ ಸೀರೆಗೆ. ಕುಡಿಯಿತು ಅಂತ ನನಗೆ ನಾನೇ ಹೇಳಿಕೊಂಡೆ.

ಆ ಶನಿವಾರ ಮಾರ್ಕೆಟ್ಟಿಗೆ ಹೊಸ ಬಂಗುಡೆ ಬಂದಿತ್ತು. ಹೊಳೆಯುವ ಕಣ್ಣು, ಗಟ್ಟಿ ಮೈ. ತಿಂಗಳುಗಟ್ಟಲೆ ಕಾದಿದ್ದವಳು ನಾನು, ತಂದೆ. ಮಸಾಲೆ ಹಚ್ಚಿ ಕಾವಲಿಗೆ ಹಾಕಿದ್ದೇ ತಡ, ಮೂರು ದಿನದಿಂದ ಮಂಚದ ಅಡಿಯಲ್ಲೇ ಬಿದ್ದುಕೊಂಡಿದ್ದ ಬಟಾಟಾ ಎದ್ದು ಬಂತು. ಬಾಲ ನೆಟ್ಟಗೆ. ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಹಲ್ಲಿಲ್ಲದ ಬಾಯಿ ತೆರೆದು ಕೂಗಿತು. ಆ ಬಾಯಿಗೆ ನೋವಿರಲಿಲ್ಲ ಅಂತ ಈಗ ತಿಳಿಯುತ್ತದೆ. ಅದು ಕೂಗುವಾಗ ಅರ್ಧದಲ್ಲಿ ನಿಲ್ಲಿಸಲಿಲ್ಲ, ಪೂರ್ತಿ ಬಾಯಿ ತೆರೆದೇ ಕೂಗಿತು. ಹಲ್ಲು ಕಿತ್ತದ್ದು ಫಲ ಕೊಟ್ಟಿತ್ತು. ಅದಕ್ಕೆ ಹಸಿವಾಗಿತ್ತು.

ನಾನು "ಅಯ್ಯೋ ಪಾಪ, ಇನ್ನು ಸ್ವಲ್ಪ ದಿನ ತಡಿ ಮಗಾ" ಅಂತ ಹೇಳಿ ಅಡುಗೆಮನೆಯ ಬಾಗಿಲು ಹಾಕಿಕೊಂಡೆ.

ಊಟಕ್ಕೆ ಕೂತಾಗ ಅನಘಾ ತನ್ನ ತಟ್ಟೆಯಿಂದ ಒಂದು ಚೂರು ಮೀನನ್ನು, ಮುಳ್ಳು ಬಿಡಿಸಿ, ಬೆರಳಲ್ಲಿ ಹಿಸುಕಿ, ಮೇಜಿನ ಕೆಳಗೆ ಹಿಡಿದಿದ್ದಳು. ಬಟಾಟಾನ ನಾಲಿಗೆ ಇನ್ನೇನು ತಾಗಬೇಕು, ನನ್ನ ಕಣ್ಣಿಗೆ ಬಿತ್ತು. ಅವಳ ಕೈ ಮೇಲೆ ಚಟ್ ಅಂತ ಒಂದು ಬಿಟ್ಟೆ. "ಹೊಲಿಗೆ ಹಸಿ ಉಂಟು. ಈಗ ಬಂಗುಡೆ ಕೊಟ್ಟರೆ ನಂಜು ಸುಮ್ಮನೆ ಬಿಡ್ತದಾ?" ಅಂತ ಗದರಿದೆ.

ಅವಳು ಕೈ ಹಿಂದಕ್ಕೆಳೆದುಕೊಂಡು ನನ್ನನ್ನೇ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ನಂಜು ಕೋ ಕೈಸೇ ಪತಾ ಚಲೇಗಾ?"

ನಂಜುವಿಗೆ ಹೇಗೆ ಗೊತ್ತಾಗುತ್ತದೆ! ನಂಜು ಅಂದರೆ ಯಾರೋ ಹೆಂಗಸು ಅಂದುಕೊಂಡಿದ್ದಳು ಅವಳು. ಊರಲ್ಲಿ ಇರುವ ಯಾವುದೋ ಜೋರಿನ ಅಜ್ಜಿ ಇರಬೇಕು, ಅಲ್ಲಿಂದಲೇ ಅಪ್ಪಣೆ ಕೊಡುವವಳು. ನನಗೆ ನಗು ಬಂತು. ತಿದ್ದಲಿಲ್ಲ. ಗುಮ್ಮನಿಗೆ ಹೆದರದ ಮಗು ನಂಜುವಿಗಾದರೂ ಹೆದರಲಿ ಅಂತ, "ಅವಳಿಗೆ ಎಲ್ಲ ಗೊತ್ತಾಗ್ತದೆ. ನಿನ್ನ ಕೈ ಮೂಸಿದರೆ ಸಾಕು" ಅಂದೆ. ಅನಘಾ ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದಳು.

ಬಸವರಾಜ ಎದುರಿಗೆ ಮೊಸರನ್ನ ಕಲಸುತ್ತಾ ಕೂತಿದ್ದರು. "ಅಲ್ಲ, ಡಾಕ್ಟರ್ ಏನ ಬೇಕಾದ್ರೂ ಕೊಡ್ರಿ ಅಂದಿದ್ರಲ್ಲ?" ಅಂತ ಒಮ್ಮೆ ಕೇಳಿದರು. "ಮೀನಿನ ವಿಷಯ ನಿಮಗೆ ಗೊತ್ತುಂಟಾ?" ಅಂದೆ. ಅವರು ತಟ್ಟೆಗೆ ಇನ್ನಷ್ಟು ಮೊಸರು ಹಾಕಿಕೊಂಡರು. ಒಪ್ಪಂದ ಒಪ್ಪಂದವೇ.

ಆಮೇಲೆ ಬಟಾಟಾ ಹೊಸ್ತಿಲಿಗೂ ಬರಲಿಲ್ಲ. ಗಂಜಿ ಇಟ್ಟರೆ ಕಣ್ಣು ತೆರೆಯುತ್ತಿರಲಿಲ್ಲ. ಹಸಿದಾಗ ತಾನೇ ಕುಡಿಯುತ್ತದೆ ಅಂತ ನಾನು ಆಫೀಸಿಗೆ ಹೋಗಿ ಬರುತ್ತಿದ್ದೆ. ಒಂದು ಬೆಳಿಗ್ಗೆ ಅನಘಾ ಅದರ ಕಿವಿಯನ್ನು ಬೆಳಕಿಗೆ ಹಿಡಿದು ಕರೆದಳು: "ಮಮ್ಮಿ, ದೇಖೋ, ಹಲ್ದೀ!" ಕಿವಿಯ ಒಳಗೆಲ್ಲ ಅರಸಿನ ಹಚ್ಚಿದ ಹಾಗೆ ಹಳದಿ. ನಾನು ಆಫೀಸಿಗೆ ಫೋನ್ ಮಾಡಿ ರಜೆ ಹೇಳಿದೆ. ಅನಘಾ ಶಾಲೆಗೆ ಹೋಗಲು ಒಪ್ಪಲಿಲ್ಲ. ನಾನು, ಅವಳು, ಬುಟ್ಟಿಯಲ್ಲಿ ಬಟಾಟಾ, ಮೂವರೂ ಠಾಣೆಗೆ ಓಡಿದೆವು.

ಡಾಕ್ಟರು ಬಾಯಿ ತೆರೆದು ನೋಡಿ ಮೊದಲು ಹಿಗ್ಗಿದರು. ಹಿಂದಿನ ಆ ಹಸಿ ಮಾಂಸ ತಿಳಿಯಾಗಿತ್ತು, ಹೊಲಿಗೆ ಕೂಡಿಕೊಂಡಿತ್ತು. "ಎಷ್ಟು ಚೆನ್ನಾಗಿ ಮಾಗಿದೆ!" ಅಂದರು. ಆಮೇಲೆ ಕಣ್ಣು ನೋಡಿದರು, ಕಿವಿ ನೋಡಿದರು, ಹೊಟ್ಟೆ ಒತ್ತಿದರು. ಮುಖ ಬದಲಾಯಿತು. ಬೆಕ್ಕು, ಅದರಲ್ಲೂ ದಪ್ಪಗಿರುವ ಬೆಕ್ಕು, ಕೆಲವು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿಗೆ ಹೋಗಿ ತುಂಬಿಕೊಳ್ಳುತ್ತದಂತೆ. ಮನುಷ್ಯರ ಹಾಗೆ ಉಪವಾಸ ತಡೆಯುವ ಮೈ ಅಲ್ಲ ಅದರದ್ದು.

"ಏನು ತಿನ್ನಿಸಿದಿರಿ?"

"ಗಂಜಿ. ಅಕ್ಕಿಯದ್ದು."

"ನಾನು ಕೊಟ್ಟ ಡಬ್ಬಿ? ಮೀನು, ಕೋಳಿ ಏನೂ ಕೊಡಲಿಲ್ಲವಾ? ಯಾಕೆ?"

ನಂಜು ಅನ್ನುವುದಕ್ಕೆ ಮರಾಠಿಯಲ್ಲಿ ಏನು ಹೇಳಬೇಕು? ನಾನು ಮಾತು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೇಜಿನ ಅಂಚು ಹಿಡಿದು ನಿಂತಿದ್ದ ಅನಘಾ ಹೇಳಿಬಿಟ್ಟಳು: "ನಂಜು ನೇ ಮನಾ ಕಿಯಾ ಥಾ." ನಂಜು ಬೇಡ ಅಂದಿದ್ದಳು.

"ನಂಜು ಕೋಣ?" ಅಂತ ಡಾಕ್ಟರು ನನ್ನ ಕಡೆ ತಿರುಗಿದರು. ಯಾರು ನಂಜು?

ಯಾರೂ ಅಲ್ಲ, ನಾನೇ ಅಂತ ಹೇಳಬೇಕಿತ್ತು. ಅಷ್ಟೇ ಇದ್ದದ್ದು. ನನ್ನ ನಾಲಿಗೆ ಹೇಳಿತು: "ಆಮಚ್ಯಾ ಗಾವಾಚೀ ಆಹೇ." ನಮ್ಮ ಊರಿನವಳು.

ಡಾಕ್ಟರು ನಿಟ್ಟುಸಿರು ಬಿಟ್ಟರು. ಹಳ್ಳಿಯ ಮುದುಕಿಯರ ಕಾಟ ಅವರಿಗೆ ಹೊಸದಾಗಿರಲಿಕ್ಕಿಲ್ಲ. "ಅವಳಿಗೆ ಹೇಳಿ, ಬೆಕ್ಕು ಮನುಷ್ಯ ಅಲ್ಲ ಅಂತ" ಅಂದು ಕೆಲಸಕ್ಕೆ ತಿರುಗಿದರು. ನಾನು ಹೇಳುತ್ತೇನೆ ಅಂದೆ. ನಾಚಿಕೆಗೆಟ್ಟವಳು ನಾನು, ಆ ಕ್ಷಣದಲ್ಲೂ ಆ ಡಾಕ್ಟರ ಎದುರು ಓದಿದವಳ ಹಾಗೆ ಕಾಣಬೇಕಿತ್ತು ನನಗೆ.

ಬಟಾಟಾನ ಕತ್ತಿನ ಬದಿಯಿಂದ ಒಂದು ನಳಿಗೆ ಇಟ್ಟರು, ಬಾಯಿಯ ಹಂಗಿಲ್ಲದೆ ಹೊಟ್ಟೆಗೆ ಆಹಾರ ಹೋಗಲಿಕ್ಕೆ. ನಾನು ರಜೆ ಹಾಕಿ ಮನೆಯಲ್ಲಿ ಕೂತೆ. ಬಂಗುಡೆ ಬೇಯಿಸಿ, ಮುಳ್ಳು ತೆಗೆದು, ಅರೆದು, ಸೋಸಿ, ಸಿರಿಂಜಿನಲ್ಲಿ ತುಂಬಿ, ಸ್ವಲ್ಪ ಸ್ವಲ್ಪವೇ ನಳಿಗೆಗೆ ಬಿಡುತ್ತಿದ್ದೆ. ಅದೇ ಬಂಗುಡೆ. ಅದೇ ಕೈ. ಈಗ ಯಾವ ನಂಜೂ ಇರಲಿಲ್ಲ. ಅರೆಯುವಾಗ ಕಣ್ಣೀರು ಮಿಕ್ಸಿಯೊಳಗೆ ಬೀಳಬಾರದು ಅಂತ ಮುಖ ಆಚೆ ಮಾಡಿ ಅಳುತ್ತಿದ್ದೆ. ಬಸವರಾಜ ಒಂದು ಸಂಜೆ ಹತ್ತಿರ ಕೂತು, "ನನಗೂ ಅನ್ನಿಸಿತ್ತು ಆವತ್ತ. ಇನ್ನೊಮ್ಮಿ ಕೇಳಬೇಕಿತ್ತು ನಾ, ಬಾಯಿ ಮುಚಗೊಂಡ ಕುಂತೆ" ಅಂದರು. ನನ್ನ ತಪ್ಪಿನಲ್ಲಿ ಪಾಲು ಕೇಳಲು ಬಂದಿದ್ದರು ಪುಣ್ಯಾತ್ಮ. ಬೈದಿದ್ದರೆ ಹಗುರಾಗುತ್ತಿತ್ತು.

ನಡುವೆ ಒಂದು ದಿನ ಬಟಾಟಾ ತಲೆಯೆತ್ತಿ ತನ್ನ ಮುಂಗಾಲನ್ನು ನೆಕ್ಕಿಕೊಂಡಿತು. ಎಷ್ಟೋ ಕಾಲದ ಮೇಲೆ ಮೈ ನೆಕ್ಕಿದ್ದು! ಬಾಯಿ ನೋಯುತ್ತಿಲ್ಲ ಅಂತ ಅರ್ಥ. ಅನಘಾ ಮನೆಯೆಲ್ಲ ಕುಣಿದಳು. ನಾನೂ ಪಕ್ಕದ ಮನೆಗೆ ಹೋಗಿ ಹೇಳಿ ಬಂದೆ. ಮರುದಿನದಿಂದ ಕೊಟ್ಟದ್ದೆಲ್ಲ ವಾಂತಿ. ಕುತ್ತಿಗೆ ನಿಲ್ಲಲಿಲ್ಲ.

ಅನಘಾಳನ್ನು ಶಾಲೆಗೆ ಕಳಿಸಿ, ನಾನೊಬ್ಬಳೇ ಬುಟ್ಟಿ ಹಿಡಿದು ರೈಲು ಹತ್ತಿದೆ. ಮಳೆ ಬಿಟ್ಟಿತ್ತು, ಹಳಿಯ ಪಕ್ಕದ ಖಾಡಿಯ ಹಿನ್ನೀರಿನ ಮೇಲೆ ಬಿಸಿಲಿತ್ತು. ಮುಚ್ಚಳದ ಸಂದಿಯಿಂದ ಬೆರಳು ಹಾಕಿ ಹಣೆ ಸವರುತ್ತಿದ್ದೆ. ಠಾಣೆ ಬರುವ ಮೊದಲೇ ಬೆರಳಿಗೆ ಗೊತ್ತಾಯಿತು. ಆದರೂ ಇಳಿದು ಡಾಕ್ಟರ ಬಾಗಿಲಿನ ತನಕ ಹೋದೆ. ಒಳಗೆ ಹೋಗಲು ಧೈರ್ಯವಾಗಲಿಲ್ಲ. ತಿರುಗಿ ಸ್ಟೇಷನ್ನಿಗೆ ಬಂದು, ಬಂದ ದಾರಿಯಲ್ಲೇ ವಾಪಸಾದೆ.

ಬಸವರಾಜ ಡೊಂಬಿವಲಿಯಿಂದ ಬೇಗ ಬಂದು ಬಿಲ್ಡಿಂಗಿನ ಹಿಂದೆ ಪಾರಿಜಾತದ ಪಕ್ಕದಲ್ಲಿ ಗುಂಡಿ ತೋಡಿದರು. ಅನಘಾ ಹೆಚ್ಚು ಅಳಲಿಲ್ಲ. ಅದರ ಬಾಯಿ ತೆರೆದು ನೋಡಲು ಬಿಡಿ ಅಂತ ಹಟ ಹಿಡಿದಳು. ನೋಡಿದಳು. "ಅಚ್ಛಾ ಹೋ ಗಯಾ ಥಾ ನಾ, ಮಮ್ಮಿ" ಅಂದಳು. ವಾಸಿಯಾಗಿತ್ತಲ್ವಾ ಅಮ್ಮ. ಹೌದು, ಬಾಯಿ ಪೂರ್ತಿ ವಾಸಿಯಾಗಿತ್ತು. ಎಳೆ ಮಗುವಿನ ಒಸಡಿನ ಹಾಗೆ ನಸುಗೆಂಪು.

ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡಿಸಲು ಅವಳನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದೆ. ಅವಳು ಗೋಡೆಯ ಕಡೆ ನೋಡುತ್ತಾ ಕೇಳಿದಳು:

"ಮಮ್ಮಿ, ನಂಜು ಕೋ ಬತಾಯಾ?"

ನಂಜುವಿಗೆ ಹೇಳಿದೆಯಾ ಅಂತ. ನನ್ನ ಕೈ ಅವಳ ಕೂದಲಿನಲ್ಲೇ ನಿಂತಿತು. "ಹೇಳಿದೆ" ಅಂದೆ.

"ರೋಯೀ ಕ್ಯಾ?"

"ಹೂಂ. ಅತ್ತಳು. ತುಂಬ ಅತ್ತಳು."

ಅವಳು ಮಡಿಲಲ್ಲಿದ್ದ ರಿಬ್ಬನ್ನನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ತಲೆ ತಿರುಗಿಸದೆ, ಯಾವತ್ತೂ ಕನ್ನಡ ಮಾತಾಡದ ನನ್ನ ಮಗಳು, ಊರಿನ ಆ ಅಜ್ಜಿಗೆ ಹಿಂದಿ ತಿಳಿಯುವುದಿಲ್ಲ ಅಂತಲೋ ಏನೋ, ಒಂದೊಂದೇ ಶಬ್ದ ಜೋಡಿಸಿಕೊಂಡು ಕನ್ನಡದಲ್ಲೇ ಹೇಳಿದಳು:

"ಅವಳಿಗೆ ಬೈಬೇಡ ಮಮ್ಮಿ. ಅವಳಿಗೆ ಡಾಕ್ಟರ್ ಹೇಳಿರಲಿಲ್ಲ."